ಮೈದಾನದ ಬಾಗಿಲು

ವಿಶ್ವವಿದ್ಯಾಲಯದ ಹಿಂಬದಿಯ ಮೈದಾನವು ಇನ್ನು ಮುಂದೆ ಮೂರನೆಯ ಮಹಡಿಯ ಕೊಠಡಿ ಸಂಖ್ಯೆ ೩೧೪ ಆಗಿರುತ್ತದೆ ಎಂದು ಕುಲಸಚಿವರ ಸುತ್ತೋಲೆ ಹೊರಟಿತು. ನೆಲಮಹಡಿಯ ಸಂಖ್ಯೆಗಳೆಲ್ಲ ಮುಗಿದುಹೋಗಿದ್ದವು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ.

ಇದಕ್ಕೆ ಕಾರಣರಾದವರು ಭೂಮಾಪನದ ಅಧ್ಯಾಪಕಿ. ಎಲ್ಲರ ಬಾಯಲ್ಲೂ ಸರ್ವೆ ಮೇಡಂ. ಕಾಲೇಜು ಮುಚ್ಚಿದ್ದ ಎರಡು ವರ್ಷ ಅವರು ಮನೆಯ ಊಟದ ಮೇಜಿನ ಮುಂದೆ ಕೂತು, ಲ್ಯಾಪ್‌ಟಾಪಿಗೆ ಅಳತೆಗೋಲು ತೋರಿಸಿ ಪಾಠ ಮಾಡಿದ್ದರು. ಕಾಲೇಜು ಮತ್ತೆ ತೆರೆದ ದಿನ ನಲವತ್ತೆರಡು ವಿದ್ಯಾರ್ಥಿಗಳ ಕೈಗೆ ಟೇಪು ಕೊಟ್ಟು, ಹೊರಗಿನ ಕಾರಿಡಾರನ್ನು ಅಳೆದು ಬನ್ನಿ ಅಂದರು. ನಲವತ್ತೆರಡು ಉತ್ತರ ಬಂದವು. ಒಬ್ಬನ ಲೆಕ್ಕದಲ್ಲಿ ಕಾರಿಡಾರು ಕಾಲೇಜಿಗಿಂತ ಉದ್ದವಿತ್ತು. ಆನ್‌ಲೈನ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿದ್ದು ಅವನಿಗೇ. ಇನ್ನಾರು ತಿಂಗಳಿಗೆ ಇವರೆಲ್ಲ ಸೇತುವೆಗಳಿಗೆ ಗುರುತು ಹಾಕಲು ಹೊರಡುವವರು. ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಲು ಅನುಮತಿ ಬೇಕೆಂದು ಮೇಡಂ ಅಂದೇ ಒಂದು ಸಾಲಿನ ಅರ್ಜಿ ಬರೆದರು.

ಅರ್ಜಿ ಬೋಧನಾ ಮರುವಿನ್ಯಾಸ ಸಮಿತಿಗೆ ಹೋಯಿತು. ದೂರಪಾಠದ ಕಾಲ ಮುಗಿದ ಮೇಲೆ ಪಾಠ ಹೇಗಿರಬೇಕೆಂದು ಯೋಚಿಸಲೆಂದೇ ಹುಟ್ಟಿದ ಸಮಿತಿ ಅದು. ವೇಳಾಪಟ್ಟಿಯ ಕಂಪ್ಯೂಟರಿನಲ್ಲಿ ತರಗತಿ ಅಂದರೆ ಒಂದೋ ಲಿಂಕ್ ಇರಬೇಕು, ಇಲ್ಲವೇ ಕೊಠಡಿ ಇರಬೇಕು. ಮೈದಾನಕ್ಕೆ ಎರಡೂ ಇರಲಿಲ್ಲ. ಹಾಗಾಗಿ ಸಮಿತಿಯವರು ಮೈದಾನಕ್ಕೊಂದು ಕ್ಯಾಮೆರಾ ಹಾಕುತ್ತೇವೆ, ಮಕ್ಕಳು ತರಗತಿಯಲ್ಲೇ ಕೂತು ನೋಡಲಿ ಎಂದರು. ಮೇಡಂ ಒಪ್ಪಲಿಲ್ಲ. ಆಗ ಕೊಠಡಿಯ ನಿಯಮ ತೆಗೆದು ನೋಡಲಾಯಿತು. ಕೊಠಡಿಗೆ ಸಂಖ್ಯೆ ಇರತಕ್ಕದ್ದು, ಬಾಗಿಲು ಇರತಕ್ಕದ್ದು. ಗೋಡೆಯ ಪ್ರಸ್ತಾಪ ಎಲ್ಲೂ ಇರಲಿಲ್ಲ. ಸದಸ್ಯರೊಬ್ಬರು ಮೂರು ಸಲ ಓದಿ ಖಚಿತಪಡಿಸಿದರು.

ಮೈದಾನದ ಅಂಚಿಗೆ ಚೌಕಟ್ಟು ನಿಲ್ಲಿಸಲು ಬಂದ ಬಡಗಿ, ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ: "ಇದರಲ್ಲಿ ಒಳಗಡೆ ಯಾವುದು ಸಾರ್?"

ಉತ್ತರಿಸಲು ಉಪಸಮಿತಿಗೆ ಮೂರು ವಾರ ಹಿಡಿಯಿತು. ಅಧ್ಯಾಪಕರು ನಿಲ್ಲುವ ಕಡೆ ಒಳಗಡೆ, ಉಳಿದದ್ದು ಹೊರಗಡೆ ಎಂದು ತೀರ್ಮಾನವಾಯಿತು.

ಮೊದಲ ದಿನ ಒಂಬತ್ತಕ್ಕೆ ಸರಿಯಾಗಿ ಅಟೆಂಡರ್ ಹಾಜರಿ ಹಾಕಿ ಬಾಗಿಲು ಮುಚ್ಚಿದ. ಕಾರಿಡಾರನ್ನು ಹಿಗ್ಗಿಸಿದ್ದ ಆ ಹುಡುಗ ಐದು ನಿಮಿಷ ತಡವಾಗಿ ಓಡಿಬಂದು ಬಾಗಿಲ ಮುಂದೆ ನಿಂತ. ಮುಕ್ಕಾಲಿಯ ಮೇಲಿಟ್ಟ ಅಳತೆಯ ದುರ್ಬೀನು ಅವನಿಂದ ಎರಡು ಮಾರು ದೂರದಲ್ಲಿತ್ತು. ಪಕ್ಕದಿಂದ ಬಾರಪ್ಪಾ ಎಂದು ಮೇಡಂ ಕೈ ಎತ್ತಿದರು.

"ಪಕ್ಕದಿಂದ ಬಂದ್ರೆ ಗೋಡೆ ಹಾರಿದ ಹಾಗಾಗುತ್ತೆ ಮೇಡಂ," ಅಂದ ಅಟೆಂಡರ್. "ಆಮೇಲೆ ಇಡೀ ಕ್ಲಾಸೇ ರದ್ದು ಮಾಡ್ತಾರೆ."

ಮೇಡಂ ನಲವತ್ತೊಂದು ಮುಖಗಳನ್ನು ನೋಡಿದರು. ಎಷ್ಟೋ ದಿನಕ್ಕೆ ಸಿಕ್ಕ ಮೈದಾನ. ಎತ್ತಿದ ಕೈಯಿಂದ ಕನ್ನಡಕ ಸರಿಮಾಡಿಕೊಂಡು ಪಾಠ ಶುರು ಮಾಡಿದರು.

ಪಾಠ ಚೆನ್ನಾಗಿಯೇ ನಡೆಯಿತು. ತಿಂಗಳೊಳಗೆ ಮಕ್ಕಳ ಅಳತೆಗಳ ವ್ಯತ್ಯಾಸ ಗೇಣಿನೊಳಗೆ ಬಂದು ಕೂತಿತು. ಮೇಡಂ ನೆಮ್ಮದಿಯಿಂದ ಉಸಿರಾಡಿದರು, ಬಾಗಿಲಿನ ಮಾತು ಮತ್ತೆ ಎತ್ತಲಿಲ್ಲ. ತಡವಾಗಿ ಬಂದವರು ದಿನವೂ ಐದಾರು ಮಂದಿ ಹೊರಗಡೆ ಸಾಲಾಗಿ ನಿಂತು ಎಲ್ಲವನ್ನೂ ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ತಪಾಸಣೆಗೆ ಬಂದ ಸಮಿತಿಗೆ ಇದು ಬಹಳ ಹಿಡಿಸಿತು. ಕೊಠಡಿಯ ಹೊರಗಿದ್ದು ಕಲಿಯುವವರು ದೂರಶಿಕ್ಷಣದವರು, ಒಳಗಿರುವವರು ನೇರ ಶಿಕ್ಷಣದವರು. ಹೀಗಾಗಿ ಮಿಶ್ರ ಬೋಧನೆಯು ಪೂರ್ಣವಾಗಿ ಜಾರಿಗೆ ಬಂದಿದೆಯೆಂದು ವರದಿಯಾಯಿತು.

ಒಂದು ಮಧ್ಯಾಹ್ನ ತರಗತಿ ಮುಗಿದ ಮೇಲೆ ಮೇಡಂ ದೂರದ ಮೂಲೆಯಲ್ಲಿ ಗೂಟ ಕೀಳುತ್ತಾ ಉಳಿದರು. ಅದನ್ನು ಗಮನಿಸದೆ ಅಟೆಂಡರ್ ಬೀಗ ಹಾಕಿಕೊಂಡು ಊಟಕ್ಕೆ ಹೋದ. ಮೇಡಂ ಬಾಗಿಲ ಬಳಿ ಬಂದು ಎಳೆದು ನೋಡಿದರು, ಅಟೆಂಡರಿಗೆ ಫೋನ್ ಮಾಡಿದರು. ಹತ್ತೇ ನಿಮಿಷ, ಬಂದೆ ಅಂದ. ಎಡಕ್ಕೂ ಬಲಕ್ಕೂ ರಸ್ತೆಯವರೆಗೆ ಬರೀ ಹುಲ್ಲು. ಅವರು ಚೀಲ ಕೆಳಗಿಟ್ಟು ಚೌಕಟ್ಟಿಗೆ ಒರಗಿ ನಿಂತರು.

ಮೈದಾನ ಹಾದು ಕಚೇರಿಗೆ ಹೋಗಲೆಂದು ಆಚೆಯಿಂದ ಬಂದ ಕುಲಸಚಿವರು ಬಾಗಿಲು ತಟ್ಟಿದರು.

"ಯಾರು ಒಳಗೆ?"

"ನಾನು ಸಾರ್, ಸರ್ವೆ."

"ಬೀಗ ಹಾಕಿದೆಯಲ್ಲಮ್ಮ."

"ಹೌದು ಸಾರ್. ಕೀ ಬರ್ತಾ ಇದೆ."

ಸರಿ ಹಾಗಾದರೆ ಎಂದು ಕುಲಸಚಿವರು ಬಂದ ದಾರಿಯಲ್ಲೇ ಹಿಂತಿರುಗಿ, ಇಡೀ ಕಟ್ಟಡ ಸುತ್ತಿಕೊಂಡು ತಮ್ಮ ಕಚೇರಿಗೆ ಹೋದರು.