ಗಿಡ್ಡ ರೈಫಲ್ಲಿಗೊಂದು ಸ್ಕೋಪು

ಆಯ್ಕೆ ಮಾಡುವ ವಿಷಯದಲ್ಲಿ ನನಗೆ ನನ್ನ ಮೇಲೆ ಅಪಾರ ನಂಬಿಕೆ. ಬೇಕಾದರೆ ಜಂಬ ಎಂದು ಕರೆಯಿರಿ, ಬೇಸರವಿಲ್ಲ. ಸೀರೆ ಅಂಗಡಿಯಲ್ಲಿ ನನ್ನಕ್ಕ ಮುಂದೆ ರಾಶಿ ಹಾಕಿಸಿಕೊಂಡು ಕೂತಿರುವಾಗ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕಣ್ಣಿಗೆ ಬಿದ್ದದ್ದನ್ನು ಕಟ್ಟಿಸಿಬಿಟ್ಟಿರುತ್ತೇನೆ. ಗಾಂಧಿ ಬಜಾರಿನಲ್ಲಿ ನಾನು ಕೈಯಿಟ್ಟು ಆರಿಸಿದ ಬದನೆಕಾಯಿಯಲ್ಲಿ ಹುಳು ಸಿಕ್ಕಿದ್ದಿಲ್ಲ. ಅಷ್ಟೇಕೆ, ನನ್ನನ್ನು ನೋಡಲು ಬಂದ ಗಂಡು ಇನ್ನೂ ಉಪ್ಪಿಟ್ಟಿನ ತಟ್ಟೆಯಲ್ಲೇ ಇದ್ದಾಗ ನಾನು ಒಳಗೆ ಹೋಗಿ ಅಮ್ಮನಿಗೆ "ಆಗಬಹುದು" ಎಂದು ಹೇಳಿಯಾಗಿತ್ತು. ಇಂಥ ನಾನು ಒಂದು ಗೇಣುದ್ದದ ಕೊಳವೆಯನ್ನು ಆರಿಸಲು ಹೋಗಿ ಇಡೀ ಬಂಧುಬಳಗದ ಬಾಯಿಗೆ ಬಿದ್ದದ್ದು ಹೇಗೆಂಬುದನ್ನು, ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ಮೊದಲು, ಚಾಮರಾಜಪೇಟೆಯ ಒಬ್ಬ ನಡುವಯಸ್ಸಿನ ಹೆಂಗಸು, ಅದೂ ವಿಮಾ ಕಚೇರಿಯಲ್ಲಿ ಕೂತು ಅಪಘಾತಗಳ ಕಡತಕ್ಕೆ ಸಹಿ ಹಾಕುವವಳು, ಬಂದೂಕಿನ ಸಹವಾಸಕ್ಕೆ ಬಿದ್ದದ್ದಾದರೂ ಹೇಗೆ? ಇದಕ್ಕೆ ಕಾರಣ ಕಡಲೆಕಾಯಿ ಪರಿಷೆ, ಮತ್ತು ನಮ್ಮ ಭಾವ. ಭಾವ ಅಂದರೆ ಅಕ್ಕನ ಗಂಡ ಪಂಚಾಕ್ಷರಿ. ಮಲ್ಲೇಶ್ವರದಲ್ಲಿ ಪಾತ್ರೆ ಅಂಗಡಿ. ಪರಿಷೆಯಲ್ಲಿ ಸುಮ್ಮನೆ ತಮಾಷೆಗೆಂದು ಬಲೂನು ಹೊಡೆಯುವ ಹಲಗೆಯ ಮುಂದೆ ನಿಂತವಳು ಒಂದು ಸಾಲು ಪೂರ್ತಿ ಒಡೆದುಬಿಟ್ಟೆ. ಎರಡನೆಯ ಸಾಲೂ ಮುಗಿಯುತ್ತ ಬಂದಾಗ ಬಲೂನಿನವನು ಬಂದೂಕನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ಸಾಕಮ್ಮಾ, ಊದೋಕೆ ನನ್ನ ಹತ್ರ ಉಸಿರಿಲ್ಲ" ಎಂದ. ನಾನು ಹಿಗ್ಗಿ ಹೀರೇಕಾಯಿ ಆದೆ. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಭಾವ ಮಾತ್ರ, "ಬಲೂನ್ ಬಿಡಮ್ಮ ಗಿರಿಜಾ, ಕುಂಬಳಕಾಯಿ ಗಾತ್ರ ಇರತ್ತೆ. ಯಾರ್ ಹೊಡೆದ್ರೂ ಒಡೆಯತ್ತೆ. ನಮ್ ಕ್ಲಬ್ಬಿಗೆ ಬಂದು ಹೊಡಿ ನೋಡೋಣ" ಎಂದರು. ಅವರು ಭಾನುವಾರ ಭಾನುವಾರ ಏರ್ ರೈಫಲ್ ಕ್ಲಬ್ಬಿಗೆ ಹೋಗುತ್ತಾರೆಂಬುದು ನನಗೆ ಗೊತ್ತಿತ್ತು. ಅಲ್ಲಿ ಗುರಿ ಎಷ್ಟು ಸಣ್ಣದೆಂಬುದು ಗೊತ್ತಿರಲಿಲ್ಲ. ಮುಂದಿನ ಭಾನುವಾರವೇ ಹೋಗಿ ಸೇರಿಕೊಂಡೆ.

ನಮ್ಮ ಯಜಮಾನರಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಜನರ ಮದುವೆ ಮಾಡಿಸಿ ಮಾಡಿಸಿ ಅವರಿಗೊಂದು ಶಾಂತ ಸ್ವಭಾವ ಬಂದುಬಿಟ್ಟಿದೆ. ನಾನು ಬಂದೂಕಿನ ವಿಷಯ ಹೇಳಿದಾಗ ತಲೆಯೆತ್ತದೆ, "ಮನೇಲಿ ನಿನ್ನ ಬಾಯೇ ಇತ್ತಲ್ಲ" ಎಂದರು. ಬಂದೂಕು ಮನೆಗೆ ಬರುವುದಿಲ್ಲ, ಕ್ಲಬ್ಬಿನ ಬೀರುವಿನಲ್ಲೇ ಬೀಗ ಹಾಕಿ ಇಟ್ಟಿರುತ್ತಾರೆ ಎಂದಮೇಲೆ ಸಮಾಧಾನದಿಂದ ಕಾಫಿ ಕುಡಿದರು.

ನಾನು ಆರಿಸಿಕೊಂಡದ್ದು ಗಿಡ್ಡ ನಳಿಗೆಯ ರೈಫಲ್. ನಾನೂ ಗಿಡ್ಡ, ಅದೂ ಗಿಡ್ಡ, ಈಡುಜೋಡು ಚೆನ್ನಾಗಿತ್ತು. ಉದ್ದ ನಳಿಗೆಯದನ್ನು ಹಿಡಿದರೆ ಅದರ ಮೂತಿ ನಿದ್ದೆಗೆ ಬಿದ್ದ ಹಸುವಿನ ಹಾಗೆ ಮೆಲ್ಲಗೆ ನೆಲ ನೋಡುತ್ತಿತ್ತು. ಈ ಆಯ್ಕೆಯಲ್ಲಿ ನಾನು ತಪ್ಪಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಷ್ಟ ಶುರುವಾದದ್ದು ಕಣ್ಣಿನಿಂದ. ಬರಿಗಣ್ಣಿನಲ್ಲಿ ಗುರಿ ಹಿಡಿಯುವುದೆಂದರೆ ಕಣ್ಣ ಹತ್ತಿರದ ಕಿಂಡಿ, ನಳಿಗೆಯ ತುದಿಯ ಮೊಳೆ, ಆಚೆ ಗುರಿಯ ಕಾರ್ಡಿನ ಮೇಲಿನ ಕರಿ ಚುಕ್ಕೆ, ಮೂರೂ ಒಂದೇ ಗೆರೆಗೆ ಬರಬೇಕು. ನನ್ನ ಕನ್ನಡಕವೋ ಒಂದು ಅವಿಭಕ್ತ ಕುಟುಂಬ: ಮೇಲಿನ ಭಾಗ ದೂರಕ್ಕೆ, ಕೆಳಗಿನದು ಓದಲಿಕ್ಕೆ, ನಡುವಿನದು ಕಚೇರಿಯ ಕಂಪ್ಯೂಟರಿಗೆ. ಕಿಂಡಿ ಕಾಣಬೇಕಾದರೆ ತಲೆ ಎತ್ತಬೇಕು, ಚುಕ್ಕೆ ಕಾಣಬೇಕಾದರೆ ತಗ್ಗಿಸಬೇಕು. ಎತ್ತಿ ತಗ್ಗಿಸಿ, ಎತ್ತಿ ತಗ್ಗಿಸಿ ನಾನು ಒದ್ದಾಡುವುದನ್ನು ನಮ್ಮ ಕೋಚ್ ಶಾಲಿನಿ ನೋಡಿದಳು. ನನ್ನ ಮಗಳ ವಯಸ್ಸಿನವಳು, ಆದರೆ ಗುಂಡು ಹಾರಿಸುವ ರೇಂಜಿನಲ್ಲಿ ಅವಳು ಹೇಳಿದ್ದೇ ವೇದ. "ಮೇಡಂ, ನೀವು ಗುರಿ ಇಡ್ತಿದೀರೋ, ಬಂದೂಕಿಗೆ ಹೂಂ ಹೂಂ ಅಂತಿದೀರೋ?" ಎಂದು ಕೇಳಿ, "ಸ್ಕೋಪ್ ಹಾಕ್ಕೊಂಡ್ಬಿಡಿ, ರೈಫಲ್ ಮೇಲೆ ಕೂರಿಸೋ ದುರ್ಬೀನು. ಕಿಂಡಿ, ಮೊಳೆ ಯಾವುದರ ಗೊಡವೇನೂ ಇರಲ್ಲ. ಒಳಗಡೆ ಕೂಡೋ ಲೆಕ್ಕದ ಗುರುತಿನ ಥರ ಗೆರೆ ಕಾಣತ್ತೆ, ಅದನ್ನ ಚುಕ್ಕೆ ಮೇಲಿಟ್ರೆ ಆಯ್ತು" ಎಂದಳು. ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ಸ್ಕೋಪ್ ಹಾಕಿದ ರೈಫಲ್ಲುಗಳಿಗೇ ಒಂದು ವಿಭಾಗವೂ ಇತ್ತು. ಮೇಜಿನ ಮೇಲೆ ಮರಳಿನ ಚೀಲ, ಅದರ ಮೇಲೆ ರೈಫಲ್, ಕುರ್ಚಿಯ ಮೇಲೆ ನಾವು. ಭಾವ ಸ್ಪರ್ಧಿಸುತ್ತಿದ್ದದ್ದು ಅದರಲ್ಲೇ.

"ಯಾವ ಸ್ಕೋಪ್ ತಗೊಳ್ಲಿ?" ಎಂದು ಕೇಳಿದೆ. ಶಾಲಿನಿ ಸ್ವಲ್ಪವೂ ಯೋಚಿಸದೆ ಹೇಳಿದಳು: "ಚಿಕ್ಕದು. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸಿದ್ರೆ ಬೇಕಾದಷ್ಟಾಯ್ತು. ಗಿಡ್ಡ ರೈಫಲ್ಲಿಗೆ ಹಗುರವಾಗಿರಬೇಕು, ಹತ್ತಿರದ್ದು ಸ್ಪಷ್ಟವಾಗಿ ಕಾಣಬೇಕು. ಅಷ್ಟೇ ಮೇಡಂ." ಈ ಪ್ರಬಂಧ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಭಾವನ ಸ್ಕೋಪು ಒಂಬತ್ತು ಪಟ್ಟಿನದು. ಅವರಿಗೆ ಒಂಬತ್ತು, ನನಗೆ ನಾಲ್ಕು ಎಂದರೆ ಯಾವ ನ್ಯಾಯ? ಹಿರಿಯ ಅಳಿಯ ಎಂದು ನಮ್ಮ ಅಪ್ಪ ಜೀವನಪೂರ್ತಿ ಅವರಿಗೇ ಮೊದಲ ಹೋಳಿಗೆ ಬಡಿಸಿದ್ದು ಸಾಲದೆ?

ಸ್ಕೋಪು ನೋಡಲು ಯಜಮಾನರನ್ನೂ ಕರೆದುಕೊಂಡು ಹೋದೆ. ಅಂಗಡಿ ಇದ್ದದ್ದು ಕೆ.ಆರ್. ಮಾರುಕಟ್ಟೆಯ ಸಮೀಪದ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ. ಅಂಗಡಿಯವರು ಒಂದರ ಪಕ್ಕ ಒಂದು ಜೋಡಿಸಿಟ್ಟರು. ಯಜಮಾನರು ತಮ್ಮ ವ್ಯಾಪಾರದ ಅನುಭವದಿಂದ, "ಗಿರಾಕಿ ಯಾವಾಗ್ಲೂ ದೊಡ್ಡ ಕಾರ್ಡೇ ಕೇಳ್ತಾರೆ. ಆಮೇಲೆ ಅದು ಯಾವ ಕವರಿಗೂ ಹಿಡಿಯಲ್ಲ" ಎಂದು ಸೂಚ್ಯವಾಗಿ ಹೇಳಿದರು. ನಾನು ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ಕಿಟಕಿಯಿಂದ ಹೊರಗೆ ನೋಡಿಯಾಗಿತ್ತು. ಏನು ಹೇಳಲಿ! ಅಲ್ಲೆಲ್ಲೋ ದೂರದಲ್ಲಿ ಸೇವಂತಿಗೆಯ ಮೂಟೆ ಹೊತ್ತು ಹೋಗುತ್ತಿದ್ದವನ ಮೀಸೆಯಲ್ಲಿ ಎಷ್ಟು ಬಿಳಿ, ಎಷ್ಟು ಕಪ್ಪು ಎಂದು ಹೇಳಬಹುದಿತ್ತು. ಬಸ್ಸಿನ ಕಂಡಕ್ಟರು ಒಬ್ಬರಿಗೆ ಚಿಲ್ಲರೆ ಇಲ್ಲ ಎಂದು ಕೈಯಾಡಿಸುತ್ತಿದ್ದ. ಅವನ ಚೀಲದಲ್ಲಿ ಚಿಲ್ಲರೆ ಇತ್ತು. "ಇದೇ ಇರಲಿ" ಎಂದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ.

ಆ ಸಂಜೆ ಸ್ಕೋಪನ್ನು ತಾರಸಿಗೆ ಒಯ್ದು ಅತ್ತೆಗೆ ತೋರಿಸಿದೆ. ಅತ್ತೆಗೆ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಜಗತ್ತಿನ ಮೇಲೆ ಹೊಸ ಆಸಕ್ತಿ ಹುಟ್ಟಿದೆ. ಕೊಳವೆಗೆ ಕಣ್ಣು ಹಚ್ಚಿದವರು ಅದನ್ನು ಮೆಲ್ಲಗೆ ಹಿಂದಿನ ಬೀದಿಯ ಕಡೆ ತಿರುಗಿಸಿದರು. ಆಮೇಲೆ ಪಿಸುಗುಟ್ಟಿದರು: "ಲೇ ಗಿರಿಜಾ, ಸಕ್ಕರೆ ಕಾಯಿಲೆ, ಸಿಹಿ ಮುಟ್ಟಲ್ಲ ಅಂತ ನಮ್ಮನೆ ಪಾಯಸ ವಾಪಸ್ ಕಳಿಸಿದ್ಲಲ್ಲ ಹಿಂದಿನ ಬೀದಿ ರಾಜಮ್ಮ, ಅಡುಗೆಮನೇಲಿ ನಿಂತ್ಕೊಂಡು ಮೈಸೂರುಪಾಕು ತಿಂತಿದಾಳೆ ಕಣೇ. ಡಬ್ಬಿ ಸಮೇತ!" ನಾನು ಕೊಳವೆ ಕಸಿದುಕೊಳ್ಳಲು ಹೋದರೆ ಅವರು ಬಿಡಲೊಲ್ಲರು. "ಇರೇ, ಇನ್ನೊಂದು ತಗೊಂಡ್ಲು." ಮರುದಿನದಿಂದ ಅತ್ತೆ ಸಂಜೆಯ ಧಾರಾವಾಹಿ ಬಿಟ್ಟು ತಾರಸಿಗೆ ಬರತೊಡಗಿದರು. ಭಾನುವಾರ ಅದನ್ನು ಕ್ಲಬ್ಬಿಗೆ ಒಯ್ಯುವಾಗ, "ಹುಷಾರಾಗಿ ವಾಪಸ್ ತಗೊಂಬಾ" ಎಂದು ಮಗುವನ್ನು ಶಾಲೆಗೆ ಕಳಿಸುವ ದನಿಯಲ್ಲಿ ಹೇಳಿದರು.

ಕ್ಲಬ್ಬಿನಲ್ಲಿ ಅದನ್ನು ರೈಫಲ್ಲಿನ ಮೇಲೆ ಕೂರಿಸಿದಾಗ ಸುತ್ತಲಿದ್ದವರು ಕೆಮ್ಮತೊಡಗಿದರು. ಸ್ಕೂಟರಿನ ಮೇಲೆ ಡಬಲ್ ಮಂಚ ಕಟ್ಟಿಕೊಂಡು ಹೋಗುವುದನ್ನು ನೀವು ನೋಡಿರಬಹುದು, ಹಾಗಿತ್ತು. ನಳಿಗೆ ಮುಗಿದ ಮೇಲೂ ಸ್ಕೋಪು ಮುಗಿದಿರಲಿಲ್ಲ. ಅದಿರಲಿ ಎಂದು ಕಣ್ಣಿಟ್ಟು ನೋಡಿದರೆ ಗುರಿಯಿರಬೇಕಾದ ಜಾಗದಲ್ಲಿ ಬರೀ ಮಂಜು. ಮಾರುಕಟ್ಟೆಯ ಮೀಸೆ ತೋರಿಸಿದ ಕೊಳವೆ ಎದುರಿನ ಗೋಡೆ ತೋರಿಸದು. ಶಾಲಿನಿ ನಗು ತಡೆದುಕೊಂಡು, "ಮೇಡಂ, ಇದು ದೂರ ನೋಡೋಕೆ ಮಾಡಿರೋದು. ನಮ್ಮ ಗುರಿ ಇರೋದು ಹತ್ತೇ ಮೀಟರ್. ನಿಮ್ಮನೆ ಹಾಲ್‌ನಿಂದ ಅಡುಗೆಮನೆಗೆ ಇರೋಷ್ಟು" ಎಂದಳು. "ಚಾಮರಾಜಪೇಟೇಲಿ ನಮ್ಮನೆ ಹಾಲ್‌ನಿಂದ ಹತ್ತು ಮೀಟರ್ ಹೋದ್ರೆ ಪಕ್ಕದ ಮನೆಯೋರ ಅಡುಗೆಮನೆ ಸಿಗತ್ತಮ್ಮ" ಎಂದೆ. ಮಾತಿನಲ್ಲಿ ಗೆದ್ದೆನಾದರೂ ಸ್ಕೋಪನ್ನು ಬಿಚ್ಚಲೇಬೇಕಾಯಿತು.

ಅಂಗಡಿಯವರು ಒಳ್ಳೆಯವರು, ಬದಲಾಯಿಸಿ ಕೊಟ್ಟರು. (ಅತ್ತೆ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.) ಈ ಸಲ ನಾನು ಅನುಭವಸ್ಥೆ. ಹತ್ತು ಮೀಟರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆಯೇ, ರೈಫಲ್ಲಿನ ಮೂತಿಯನ್ನು ದಾಟುವುದಿಲ್ಲವೇ ಎಂದು ತಿಳಿದವಳ ಹಾಗೆ ಪ್ರಶ್ನೆ ಹಾಕಿದೆ. ಎರಡಕ್ಕೂ ಒಪ್ಪುವಂಥವು ಎರಡು ಸಿಕ್ಕವು. ಒಂದು ಶಾಲಿನಿ ಹೇಳಿದ ನಾಲ್ಕು ಪಟ್ಟಿನ ಚಿಕ್ಕದು. ಇನ್ನೊಂದರಲ್ಲಿ ಒಂದು ಉಂಗುರ ತಿರುಗಿಸಿದರೆ ನಾಲ್ಕರಿಂದ ಹದಿನಾರರವರೆಗೆ ಎಷ್ಟು ಬೇಕೋ ಅಷ್ಟು ದೊಡ್ಡದಾಗಿ ಕಾಣುತ್ತದೆ. ಹದಿನಾರು ಇದ್ದರೆ ನಾಲ್ಕು ಅದರೊಳಗೇ ಇರುತ್ತದಲ್ಲ, ಇದು ಒಂದನೇ ತರಗತಿಯ ಲೆಕ್ಕ. ಬೇಕಾದಾಗ ಕೆಳಗೆ ಇಳಿಸಿದರಾಯಿತು. ಆದರೆ ನಾನು ಫ್ಯಾನಿನ ರೆಗ್ಯುಲೇಟರನ್ನೂ ಐದರಿಂದ ಇಳಿಸಿದವಳಲ್ಲ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಹದಿನಾರಕ್ಕೆ ತಿರುಗಿಸಿಟ್ಟು ಅಭ್ಯಾಸ ಶುರು ಮಾಡಿದೆ. ಮೊದಮೊದಲು ಚುಕ್ಕೆ ಕುಣಿಯುತ್ತಿತ್ತು. ರೇಂಜಿನ ಕಟ್ಟಡವೇ ಅಲುಗಾಡುತ್ತಿದೆಯೋ ಎಂದುಕೊಂಡರೆ ಅದು ನನ್ನ ನಾಡಿ. ಕಾಫಿ ಕುಡಿದು ಬಂದ ದಿನ ಚುಕ್ಕೆ ಇನ್ನಷ್ಟು ಕುಣಿಯುತ್ತಿತ್ತು. ಕಾಫಿ ಬಿಟ್ಟೆ, ಇದಕ್ಕಿಂತ ದೊಡ್ಡ ತ್ಯಾಗವನ್ನು ನಮ್ಮ ಬೀದಿ ಕಂಡಿಲ್ಲ. ಉಸಿರು ಅರ್ಧ ಬಿಟ್ಟು ಹಿಡಿಯುವುದು, ಕೆನ್ನೆಯನ್ನು ಒಂದೇ ಜಾಗದಲ್ಲಿ ಇಡುವುದು, ಬೆರಳನ್ನು ಹಾಲಿಗೆ ಹೆಪ್ಪು ಹಾಕುವಷ್ಟು ಮೆಲ್ಲಗೆ ಒತ್ತುವುದು, ಎಲ್ಲ ಕಲಿತೆ. ಬರಬರುತ್ತ ಗುಂಡುಗಳು ಒಂದರ ಮೇಲೊಂದು ಬೀಳತೊಡಗಿದವು. ಶಾಲಿನಿಯೇ ಕಾರ್ಡನ್ನು ಬೆಳಕಿಗೆ ಹಿಡಿದು, "ಚೆನ್ನಾಗಿದೆ ಮೇಡಂ" ಎಂದಳು. "ಆದ್ರೂ ಸ್ಪರ್ಧೆ ದಿನ ಸ್ವಲ್ಪ ಕೆಳಗೆ ಇಳಿಸ್ಕೊಳಿ. ಅಷ್ಟು ದೊಡ್ಡದು ಮಾಡಿದ್ರೆ ಸುತ್ತಮುತ್ತ ಏನೂ ಕಾಣಲ್ಲ." ಸುತ್ತಮುತ್ತ ನೋಡುವುದಕ್ಕೆ ನಾನೇನು ಪ್ರವಾಸಕ್ಕೆ ಬಂದಿದ್ದೇನೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸ್ಪರ್ಧೆಯ ದಿನ ಅಕ್ಕ, ಯಜಮಾನರು, ಅತ್ತೆ ಎಲ್ಲರೂ ಹಿಂದಿನ ಬೆಂಚಿನಲ್ಲಿ ಹಾಜರಿದ್ದರು. ನನ್ನ ಜಾಗ ಮತ್ತು ಭಾವನ ಜಾಗ ಅಕ್ಕಪಕ್ಕ ಬಿದ್ದವು. ಎದುರಿನ ಗೋಡೆಯಲ್ಲಿ ಸಾಲಾಗಿ ಕಾರ್ಡುಗಳು, ಒಂದೊಂದರ ತಲೆಯ ಮೇಲೂ ಜಾಗದ ನಂಬರು. ಭಾವ ಕೈ ಉಜ್ಜಿಕೊಳ್ಳುತ್ತ, "ಏನಮ್ಮಾ, ಬಲೂನ್ ತರಿಸ್ಲಾ?" ಎಂದರು. "ನಿಮಗೆ ಬೇಕಾದ್ರೆ ತರಿಸ್ಕೊಳಿ ಭಾವ" ಎಂದು ಕುರ್ಚಿ ಎಳೆದುಕೊಂಡು ಕೂತೆ. ಉಂಗುರ ಹದಿನಾರಕ್ಕಿತ್ತು. ಕಣ್ಣಿಟ್ಟೆ. ಹುಣ್ಣಿಮೆಯ ಚಂದ್ರನಿಗೆ ಮಸಿ ಬಳಿದು ಮುಂದೆ ನಿಲ್ಲಿಸಿದ ಹಾಗೆ ಕರಿ ಚುಕ್ಕೆ ಸ್ಕೋಪಿನ ತುಂಬ ಬಂದು ನಿಂತಿತು. ಅದರಾಚೆ ಲೋಕವಿಲ್ಲ, ಅಕ್ಕಪಕ್ಕದಲ್ಲಿ ಭಾವನಿಲ್ಲ. ನನ್ನ ನಾಡಿಯೂ ಆವತ್ತು ಮರ್ಯಾದೆಯಿಂದ ನಡೆದುಕೊಂಡಿತು. ಹತ್ತು ಗುಂಡು, ಹತ್ತನ್ನೂ ಹಾರಿಸಿದೆ. ಒಂದೊಂದನ್ನು ಬಿಡುವಾಗಲೂ ಅದು ನಡುವಿಗೇ ಹೋಯಿತೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಮೇಲೆದ್ದಾಗ ಅಕ್ಕನ ಕಡೆ ನೋಡಿ ಒಂದು ನಗೆಯನ್ನೂ ನಕ್ಕೆ. ಆ ನಗೆಯನ್ನು ಈಗ ವಾಪಸು ತೆಗೆದುಕೊಳ್ಳುವ ದಾರಿಯಿದ್ದರೆ ಯಾರಾದರೂ ತಿಳಿಸಬೇಕು.

ಕಾರ್ಡುಗಳು ಬಂದವು. ನನ್ನ ಕಾರ್ಡಿನಲ್ಲಿ ಒಂದೇ ಒಂದು ತೂತಿರಲಿಲ್ಲ. ಯಜಮಾನರ ಅಂಗಡಿಯ ಕಪಾಟಿನಿಂದ ಆಗ ತಾನೇ ತೆಗೆದ ಹಾಗೆ ನುಣ್ಣಗೆ, ಬೆಳ್ಳಗೆ, ಶುಭಲಗ್ನಕ್ಕೆ ಸಿದ್ಧವಾಗಿತ್ತು. ಭಾವನ ಕಾರ್ಡಿನಲ್ಲಿ ಇಪ್ಪತ್ತು ತೂತು. ಹತ್ತು ಊರ ತುಂಬ ಚೆಲ್ಲಾಡಿದ್ದವು, ಹತ್ತು ನಟ್ಟನಡುವೆ, ಒಂದರ ಹೆಗಲ ಮೇಲೊಂದು ಕೈಹಾಕಿಕೊಂಡು ಕೂತಿದ್ದವು. ಎರಡು ಕಾರ್ಡನ್ನೂ ಪಕ್ಕಪಕ್ಕ ಹಿಡಿದು ಇನ್ನೊಮ್ಮೆ ಎಣಿಸಿದೆ. ಸ್ಕೋಪಿನ ತುಂಬ ಚಂದ್ರ ಬಂದದ್ದು ನಿಜ, ಆದರೆ ಅದು ಪಕ್ಕದ ಮನೆಯ ಚಂದ್ರ. ಮೇಲಿನ ನಂಬರು ಕಾಣುವಷ್ಟು ಜಾಗವನ್ನು ನಾನು ಸ್ಕೋಪಿನಲ್ಲಿ ಉಳಿಸಿರಲಿಲ್ಲ.

ತೀರ್ಪುಗಾರರು ನಿಯಮ ಓದಿದರು. ತನ್ನ ಕಾರ್ಡು ಬಿಟ್ಟು ಬೇರೆಯವರ ಕಾರ್ಡಿಗೆ ಹೊಡೆದವರಿಗೆ ಸೊನ್ನೆ. ಒಂದು ಕಾರ್ಡಿನಲ್ಲಿ ಯಾವ ತೂತು ಯಾರದೆಂದು ಬೇರ್ಪಡಿಸಲಾಗದಿದ್ದರೆ, ಅನುಮಾನದ ಲಾಭ ಆ ಕಾರ್ಡಿನ ಒಡೆಯನಿಗೆ. ಎಲ್ಲದರಲ್ಲಿ ಚೆನ್ನಾಗಿರುವ ಹತ್ತನ್ನು ಅವನ ಲೆಕ್ಕಕ್ಕೆ ಹಾಕಬೇಕು. ಹಾಕಿದರು. ಭಾವ ಮೊದಲ ಬಹುಮಾನ ಗೆದ್ದರು. ಪಾಪ, ಅವರಿಗೂ ನಾಚಿಕೆಯಾಯಿತು. "ಸಾರ್, ಇದು ಆ ಹುಡುಗಿ ಹೊಡೆದಿದ್ದು" ಎಂದು ಹೇಳಿ ನೋಡಿದರು. ನಿಯಮ ನಿಯಮವೇ ಎಂದರು ತೀರ್ಪುಗಾರರು. ಇಷ್ಟು ವರ್ಷಗಳ ಮೇಲೆ ಒಬ್ಬರು ನನ್ನನ್ನು ಹುಡುಗಿ ಎಂದದ್ದಷ್ಟೇ ಆ ದಿನದ ನನ್ನ ಲಾಭ. ಬೆಂಚಿನಿಂದ ಅತ್ತೆಯ ದನಿ ಇಡೀ ರೇಂಜಿಗೆ ಕೇಳಿಸಿತು: "ನಮ್ಮ ಸೊಸೆ ಗುರಿಯೇನೋ ಚೆನ್ನಾಗೇ ಇಟ್ಲು. ಯಾರದ್ದು ಅಂತ ನೋಡ್ಲಿಲ್ಲ ಅಷ್ಟೇ." ಅಕ್ಕ ಮಾತ್ರ ಬಹುಮಾನದ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು, ನಿಯಮ ಗಿಯಮ ಏನೂ ಕಿವಿಗೆ ಹಾಕಿಕೊಳ್ಳದೆ, "ನಿಮ್ ಭಾವನ ಕೈ ಎಷ್ಟು ಚೆನ್ನಾಗಿ ಕೂತಿದೆ ನೋಡೇ" ಎಂದು ಭಾವನ ಕಾರ್ಡನ್ನು ನನಗೇ ತೋರಿಸಿದಳು. "ಹೌದಕ್ಕ" ಎಂದೆ. ಕೈ ಕೂತದ್ದೇನೋ ನಿಜವೇ.

ಸೋಮವಾರ ಹೋಗಿ ನಾಲ್ಕು ಪಟ್ಟಿನ ಚಿಕ್ಕ ಸ್ಕೋಪು ತಂದೆ. ಅದರಲ್ಲಿ ನನ್ನ ಕಾರ್ಡು, ಅಕ್ಕಪಕ್ಕದ ಕಾರ್ಡು, ತಲೆಯ ಮೇಲಿನ ನಂಬರು ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತವೆ. ಶಾಲಿನಿಗೆ ಸಂತೋಷವಾಗಿದೆ. ನಡುವಿಗೆ ಬೀಳುವುದು ಮಾತ್ರ ಇನ್ನೂ ಅಷ್ಟು ಸಲೀಸಾಗಿಲ್ಲ, ಆದರೆ ಬಿದ್ದದ್ದೆಲ್ಲ ನನ್ನದೇ. ಈಗ ಪ್ರತಿ ಭಾನುವಾರ ಭಾವ ನನಗಿಂತ ಮೊದಲೇ ಕ್ಲಬ್ಬಿಗೆ ಬಂದು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ನಾನು ಯಾವ ಜಾಗ ಹಿಡಿಯುತ್ತೇನೆಂದು ನೋಡಿಕೊಂಡು ಅದರ ಪಕ್ಕಕ್ಕೇ ತಮ್ಮ ಚೀಲ ತಂದಿಡುತ್ತಾರೆ. ಆಮೇಲೆ ನನ್ನ ಕಡೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಹೇಳುತ್ತಾರೆ: "ಗಿರಿಜಾ, ಸಂಕೋಚ ಮಾಡ್ಕೋಬೇಡಮ್ಮ. ನಂಬರ್ ಗಿಂಬರ್ ನೋಡ್ತಾ ಕೂರ್ಬೇಡ. ಆರಾಮಾಗಿ ಹೊಡಿ."