ನೀಲವ್ವನ ಹಲ್ಲು, ನನ್ನ ಬಿಗಿಯುವ ಚಟ

ಸಡಿಲವಾದದ್ದು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೊರಸಿನ ಹಗ್ಗ, ಕನ್ನಡಕದ ಕಡ್ಡಿ, ಬಾಗಿಲ ಚಿಲಕ, ಯಾವುದನ್ನೂ ಬಿಟ್ಟವನಲ್ಲ. ಮಾಸ್ತರರು ಬಿಗಿದ ಹೊರಸಿನ ಮೇಲೆ ಮಲಗಿದವರು ಬೆಳಗಾಗುವುದರೊಳಗೆ ನೆಲಕ್ಕಿಳಿದಿರುತ್ತಾರೆ ಎಂದು ನಮ್ಮ ರಂಗಂಪೇಟೆಯಲ್ಲಿ ಒಂದು ಮಾತಿದೆ. ಹಬ್ಬಿಸಿದವಳು ನನ್ನ ಹೆಂಡತಿ.

ನಿಜಾಮಶಾಹಿ ಹೋಗಿ, ನಾನು ಕಲಿಸುತ್ತಿದ್ದ ಶಾಲೆಯ ಹಾಜರಿ ಪುಸ್ತಕ ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ವರ್ಷಗಳವು. ಮಗಳು ನೀಲವ್ವನಿಗೆ ಹದಿಮೂರು. ಮೇಲಿನ ಒಂದು ಹಲ್ಲು ಸಾಲು ಬಿಟ್ಟು ಮುಂದೆ ಬಂದಿತ್ತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ಹೈದರಾಬಾದಿನಿಂದ ತಿಂಗಳಿಗೊಮ್ಮೆ ರೈಲಿನಲ್ಲಿ ಯಾದಗಿರಿಗೆ ಬರುತ್ತಿದ್ದ ಹಲ್ಲಿನ ಡಾಕ್ಟರರಿಗೆ ತೋರಿಸಿದೆ. ಹಲ್ಲಿನ ಮೇಲಿದ್ದ ಬಿಳಿ ಮಚ್ಚೆಗಳನ್ನು ಅವರು ಬಹಳ ಹೊತ್ತು ನೋಡಿ, ಹಲ್ಲಿಗೆ ತಂತಿ ಕೂಡಿಸಿದರು.

"ಮಾಸ್ತರ, ಈ ಹಲ್ಲಿಗಿ ಹುಟ್ಟಾ ಸುಣ್ಣದ ಸತ್ವ ಕಡಿಮಿ ಅದ. ಕಚ್ಚಾ ಮಾಲು. ಸಾವಕಾಶ ದೂಡಿದ್ರ ಹಿಂದಿನ ಎಲುಬು ಕರಗಿ ದಾರಿ ಕೊಡ್ತದ, ಬಿಟ್ಟ ಜಾಗಾದಾಗ ಹೊಸಾ ಎಲುಬು ಬೆಳೀತದ. ಜಬರ್ದಸ್ತಿ ಮಾಡಿದ್ರ ವಸಡ ಬಾವು ಬರ್ತದ, ಬೇರು ಸವೀತದ. ತಂತಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

"ಹೌದ್ರಿ" ಎಂದೆ. ಆದರೆ ವಾರ ಕಳೆದರೂ ಹಲ್ಲು ಕದಲಲಿಲ್ಲ. ಅಕ್ಕಸಾಲಿಗರ ಮನೆಯಿಂದ ಸಣ್ಣ ಇಕ್ಕಳ ತಂದು, ಹೊರಸು ಬಿಗಿಯುವ ಅನುಭವವನ್ನೆಲ್ಲ ಧಾರೆಯೆರೆದು, ತಂತಿಗೆ ಎರಡು ತಿರುವು ಕೊಟ್ಟೆ. ಮೂರನೆಯ ದಿನ ವಸಡು ಕೆಂಪಗೆ ಊದಿತು, ಹಲ್ಲು ಅಲುಗಾಡತೊಡಗಿತು. ನೀಲವ್ವ ರೊಟ್ಟಿ ಮುಟ್ಟಲಿಲ್ಲ.

"ನೆಟ್ಟಗ ಮಾಡ್ತೀನಿ ಅಂತ ಹೇಳಿ ಕಿತ್ತೇ ಬಿಡಾಕತ್ತೀರೇನ್ರಿ?" ಎಂದಳು ಹೆಂಡತಿ.

ಡಾಕ್ಟರರು ಮತ್ತೆ ಯಾದಗಿರಿಗೆ ಬಂದಾಗ ತಪ್ಪೊಪ್ಪಿಕೊಂಡೆ. ಅವರು ತಂತಿ ಬಿಚ್ಚಿ, ಎಲುಬು ಚೇತರಿಸಿಕೊಳ್ಳಲಿ ಎಂದು ಎರಡು ತಿಂಗಳು ಬಿಡುವು ಕೊಟ್ಟರು. ಆಮೇಲೆ ಕೂದಲೆಳೆಯಷ್ಟು ಬಿಗಿದರು. ನನಗೆ ಹೇಳಿದ ಪಥ್ಯ ಒಂದೇ: ಏನನ್ನೂ ಮಾಡಕೂಡದು. ಉಪ್ಪು ಖಾರ ಬಿಡು ಎಂದಿದ್ದರೆ ಸಂತೋಷದಿಂದ ಬಿಡುತ್ತಿದ್ದೆ. ಮಗಳು ಬಾಯಿ ತೆರೆದಾಗಲೆಲ್ಲ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂರುತ್ತಿದ್ದೆ. ಒಂದು ದಿನ ಅವಳು ಅಡ್ಡ ಕೈ ಹಿಡಿಯುವುದನ್ನೇ ಮರೆತು ನಕ್ಕಳು.

ನಾನು ತಂತಿ ಮುಟ್ಟುವುದು ಬಿಟ್ಟ ಎಂಟನೆಯ ತಿಂಗಳು ಡಾಕ್ಟರರು ಹಲ್ಲನ್ನು ಒತ್ತಿ ನೋಡಿದರು. ಗಟ್ಟಿಯಾಗಿತ್ತು, ಸಾಲಿನತ್ತ ಅರ್ಧಕ್ಕಿಂತ ಹೆಚ್ಚು ಸರಿದಿತ್ತು.

"ಶಾಬಾಸ್! ಇಂಥಾ ಕಚ್ಚಾ ಹಲ್ಲ ಇಷ್ಟು ಜ್ವಾಪಾನ ಮಾಡಿದವ್ರು ಯಾರವ್ವಾ?"

ನಾನು ಕೆಮ್ಮಿ, ತಲೆಯ ರುಮಾಲು ಸರಿಪಡಿಸಿಕೊಂಡೆ.

"ನಮ್ಮಪ್ಪರಿ," ಎಂದಳು ನೀಲವ್ವ. "ಎಂಟು ತಿಂಗಳಿಂದ ಏನೂ ಮಾಡಿಲ್ರಿ."

ಅಷ್ಟು ದೊಡ್ಡ ಹೊಗಳಿಕೆ ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.