ಹೆಣ್ಣು ನೋಡಲು ಹೊರಟ ಪರಿಮಳ

ಜೀವಶಾಸ್ತ್ರ ಕಲಿಸುವವರಿಗೆ ಒಂದು ತೊಂದರೆಯಿದೆ. ಯಾವ ಪಾಠವನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬೇಗ ಮುಗಿಸುತ್ತೇವೋ ಅದೇ ನಮ್ಮ ಬೆನ್ನು ಹತ್ತಿ ಸ್ಟಾಫ್‌ರೂಮಿಗೆ, ರೈಲಿಗೆ, ಕೊನೆಗೆ ಮದುವೆಯ ಮಾತುಕತೆಗೂ ಬಂದುಬಿಡುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ನನಗೆ ಹೀಗೆ ಎಷ್ಟೋ ಸಲ ಆಗಿದೆ. ಈ ವರ್ಷ ತಿರುವನಂತಪುರದಲ್ಲಿ ಆದದ್ದನ್ನು ಮಾತ್ರ ಕ್ರಮವಾಗಿ ಬರೆಯುತ್ತೇನೆ. ಯಾವುದಕ್ಕೂ ಉಪ್ಪುಖಾರ ಹಚ್ಚಿಲ್ಲ. ಹಚ್ಚುವ ಅಗತ್ಯ ಬೀಳಲಿಲ್ಲ.

೧. ಪತಂಗದ ದಾರಿ

ಹನ್ನೊಂದನೆಯ ತರಗತಿಯಲ್ಲಿ ಫೆರೋಮೋನ್‌ಗಳ ಬಗ್ಗೆ ಹೇಳುತ್ತಿದ್ದೆ. ಒಂದು ಪ್ರಾಣಿಯ ಮೈಯಿಂದ ಹೊರಟು ಅದೇ ಜಾತಿಯ ಇನ್ನೊಂದು ಪ್ರಾಣಿಯ ಮೈಯಲ್ಲೋ ನಡತೆಯಲ್ಲೋ ಬದಲಾವಣೆ ತರುವ ರಾಸಾಯನಿಕ. ಹೆಣ್ಣು ಪತಂಗ ಒಂದು ಕೊಂಬೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದರ ಮೈಯಿಂದ ಹೊರಟ ಕೆಲವೇ ಅಣುಗಳನ್ನು ಹಿಡಿದು ಗಂಡು ಬಹಳ ದೂರದಿಂದ ಗಾಳಿಗೆದುರಾಗಿ ಹಾರಿ ಬರುತ್ತದೆ.

ಮೊದಲ ಬೆಂಚಿನ ಹುಡುಗಿ ಕೈ ಎತ್ತಿದಳು. ಅಪ್ಪ ಅಮ್ಮ ಮೈಸೂರಿನವರು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

"ಟೀಚರ್, ಮನುಷ್ಯರಲ್ಲೂ ಇದೆಯಾ?"

"ಖಚಿತವಾಗಿ ಇದೇ ಎಂದು ಬೆರಳಿಟ್ಟು ತೋರಿಸಬಹುದಾದ್ದು ಇನ್ನೂ ಸಿಕ್ಕಿಲ್ಲ" ಎಂದೆ.

"ನಮ್ಮ ಕ್ಲಾಸಿನ ಹುಡುಗರು ಹಾಕುವ ಬಾಡಿ ಸ್ಪ್ರೇ ಕೂಡ ಬಹಳ ದೂರದಿಂದಲೇ ಗೊತ್ತಾಗುತ್ತದೆ, ಟೀಚರ್. ನಾವು ಗಾಳಿಗೆದುರಾಗಿ ಹೋಗುವುದಿಲ್ಲ, ಗಾಳಿ ಹೋಗುವ ಕಡೆಗೇ ಓಡುತ್ತೇವೆ. ಅಷ್ಟೇ ವ್ಯತ್ಯಾಸ."

೨. ಸ್ಟಾಫ್‌ರೂಮಿನ ಪ್ರಯೋಗ

ಈ ಪಾಠವನ್ನು ನನ್ನ ವಿದ್ಯಾರ್ಥಿಗಳಿಗಿಂತ ಗಮನವಿಟ್ಟು ಕೇಳಿದವರು ಪಕ್ಕದ ತರಗತಿಯಲ್ಲಿದ್ದ ಗಣಿತದ ಮೇಷ್ಟ್ರು. ಕಾಸರಗೋಡಿನ ಕಡೆಯವರು, ಮೂವತ್ತೇಳು ವರ್ಷ, ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದಾರೆ. ಒಳ್ಳೆಯ ಮನುಷ್ಯ. ಮದುವೆ ಮಾತ್ರ ಕೂಡಿಬಂದಿಲ್ಲ. ಪ್ರತಿ ಸಲವೂ ಹುಡುಗಿಯ ಕಡೆಯವರು ಫೋಟೋ ನೋಡುತ್ತಾರೆ, ಜಾತಕ ನೋಡುತ್ತಾರೆ, ಆಮೇಲೆ ಫೋನ್ ನೋಡುವುದನ್ನು ನಿಲ್ಲಿಸುತ್ತಾರೆ.

ವಾರದ ನಂತರ ಊಟದ ಬಿಡುವಿನಲ್ಲಿ ಅವರು ನನ್ನ ಮೇಜಿನ ಮೇಲೆ ಒಂದು ಕಪ್ಪು ಸೀಸೆ ಇಟ್ಟರು. ಆನ್‌ಲೈನಿನಲ್ಲಿ ತರಿಸಿದ್ದು. ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಪುರುಷರ ಫೆರೋಮೋನ್. ಆತ್ಮವಿಶ್ವಾಸ ಹೆಚ್ಚುತ್ತದೆ, ಎದುರಿಗಿರುವವರ ಎದೆಬಡಿತ ಏರುತ್ತದೆ.

"ಮೇಷ್ಟ್ರೆ, ನಾನು ಪಾಠ ಮಾಡಿದ್ದು ಇದಕ್ಕೆ ವಿರುದ್ಧವಾಗಿ" ಎಂದೆ. "ಪ್ರಾಣಿಗಳಲ್ಲಿ ಇಂಥದ್ದನ್ನು ಹಿಡಿಯುವುದಕ್ಕೆಂದೇ ಮೂಗಿನೊಳಗೆ ಒಂದು ಅಂಗ ಇರುತ್ತೆ. ದೊಡ್ಡವರಾದ ಮನುಷ್ಯರಲ್ಲಿ ಅದರ ಗುರುತಿಗೆ ಒಂದು ಚಿಕ್ಕ ಕುಳಿ ಇದ್ದರೆ ಹೆಚ್ಚು. ಅದರಿಂದ ಮೆದುಳಿಗೆ ಸುದ್ದಿ ಹೋಗೋ ಹಾಗೆ ಕಾಣೋದಿಲ್ಲ. ಮನುಷ್ಯರ ಫೆರೋಮೋನ್ ಸಿಕ್ಕೇ ಇಲ್ಲ."

"ಸಿಕ್ಕಲಿಲ್ಲ ಅಂತ ಹೇಳಿದ್ರಿ ಅಕ್ಕ, ಇಲ್ಲ ಅಂತ ಹೇಳ್ಲಿಲ್ಲ. ಗಣಿತದಲ್ಲಿ ಅದೆರಡೂ ಬೇರೆ ಬೇರೆ."

"ಈಗ ಇಷ್ಟು ಅವಸರ ಯಾಕೆ?"

ಅವರು ಧ್ವನಿ ತಗ್ಗಿಸಿದರು. "ಕೊಚ್ಚಿಯ ಕನ್ನಡ ಸಂಘದವರು ಒಂದು ಸಂಬಂಧ ಹೇಳಿದ್ದಾರೆ. ಹುಡುಗಿ ಪ್ರಾಣಿಗಳ ಡಾಕ್ಟ್ರು. ಧಾರವಾಡದ ಕಡೆಯವರು. ಅಪ್ಪ ಕೊಚ್ಚಿಯಲ್ಲೇ, ಪಾಲಾರಿವಟ್ಟಂನಲ್ಲಿ ಬ್ಯಾಂಕಿನಲ್ಲಿ ಇರುವುದು. ಫೋಟೋ ಕಳಿಸಿದೆ ಅಕ್ಕ. ಕಳಿಸಿದ ಮೇಲೂ ಬನ್ನಿ ಅಂತ ಹೇಳಿದ್ದಾರೆ! ಬರುವ ಭಾನುವಾರ ಅವರು ಕೆಲಸ ಮಾಡುವ ಫಾರಂಗೆ ಹೋಗ್ಬೇಕಂತೆ. ಇದೂ ತಪ್ಪಿದ್ರೆ ಇನ್ನು ಹುಡುಕುವುದಿಲ್ಲ ಅಂತ ಮನೆಯಲ್ಲಿ ಹೇಳಿ ಆಗಿದೆ. ಈ ಒಂದು ಸಲ ಎಂತದ್ದೂ ಬಾಕಿ ಬಿಡ್ಲಿಕ್ಕಿಲ್ಲ."

ಹೇಳುತ್ತಲೇ ಸೀಸೆ ಎತ್ತಿ ಕುತ್ತಿಗೆಯ ಎರಡು ಬದಿಗೂ ಹೊಡೆದುಕೊಂಡರು. ತಮ್ಮ ನಾಡಿ ತಾವೇ ಹಿಡಿದು ಗಡಿಯಾರ ನೋಡಿದರು.

"ನೂರಾ ಹತ್ತು! ನೋಡಿ ಅಕ್ಕ, ಕೆಲಸ ಮಾಡ್ತಾ ಉಂಟು."

"ನೀವು ಈಗಷ್ಟೇ ಮೂರು ಮಹಡಿ ಹತ್ತಿ ಬಂದಿದ್ದೀರಿ."

ಅಷ್ಟರಲ್ಲಿ ಮೂವರು ಸಹೋದ್ಯೋಗಿಗಳು ಬಂದರು. ಹಿಂದಿ ಟೀಚರ್ ಮೂಗೆಳೆದು, ಯಾರು ಗಂಧದ ಕಡ್ಡಿ ಹಚ್ಚಿದ್ದು ಎಂದರು. ಮಲಯಾಳದ ಟೀಚರ್ ತಮಗೆ ಯಾವ ವಾಸನೆಯೂ ಇಲ್ಲವೆಂದರು. ಭೌತಶಾಸ್ತ್ರದವರು ಶೌಚಾಲಯದ ಬಾಗಿಲು ಹಾಕಿದೆಯೇ ಎಂದು ಎದ್ದು ಹೋಗಿ ನೋಡಿ ಬಂದರು.

ಗಣಿತದ ಮೇಷ್ಟ್ರ ಮುಖ ಅರಳಿತು. "ಮೂವರಲ್ಲಿ ಒಬ್ಬರು ಗಂಧ ಅಂದ್ರು ಅಕ್ಕ. ನನ್ನ ಈವರೆಗಿನ ಸರಾಸರಿಗೆ ಇದು ಎಷ್ಟೋ ಮೇಲು."

ಆಗ ಶಾಲೆಯ ಆಯಾ, ನಾವೆಲ್ಲ ಚೇಚಿ ಅಂದರೆ ಅಕ್ಕ ಎಂದು ಕರೆಯುವವರು, ಬಕೆಟ್ ಹಿಡಿದು ಒಳಗೆ ಬಂದರು. ಯಾರನ್ನೂ ಏನೂ ಕೇಳದೆ, ಮೇಷ್ಟ್ರ ಕುರ್ಚಿಯ ಸುತ್ತ ಮಾತ್ರ ಫಿನಾಯಿಲ್ ಹಾಕಿ ಒರೆಸಿ ಹೋದರು.

೩. ಪೆಟ್ರೋಲ್ ಬಂಕಿನಲ್ಲಿ

ಮೇಷ್ಟ್ರನ್ನು ನೋಡಿ ನಾನು ಹೆಚ್ಚು ನಗುವ ಹಾಗಿರಲಿಲ್ಲ. ಕಾರಣವನ್ನೂ ಬರೆದುಬಿಡುತ್ತೇನೆ.

ನನ್ನ ಯಜಮಾನರು ಕೊಚ್ಚಿಯ ಹತ್ತಿರ ಅಂಬಲಮುಗಳ್‌ನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಇದ್ದರು. ಎಷ್ಟು ಸೋಪು ತಿಕ್ಕಿದರೂ ಅವರ ಕಾಲರಿನಲ್ಲಿ ಸೀಮೆಎಣ್ಣೆಯ ಹಾಗೊಂದು ಸಣ್ಣ ವಾಸನೆ ಉಳಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಮೂಗು ಮುರಿಯುತ್ತಿದ್ದೆ. ಆಮೇಲೆ ಅವರು ಮೆಟ್ಟಿಲು ಹತ್ತುವ ಮೊದಲೇ ಆ ವಾಸನೆಗೆ ಎದ್ದು ಚಹಾ ಇಡುತ್ತಿದ್ದೆ. ಅವರು ತೀರಿಹೋಗಿ ಎರಡು ವರ್ಷವಾಯಿತು. ನಾನು ವರ್ಗ ಮಾಡಿಸಿಕೊಂಡು ಕೊಚ್ಚಿ ಬಿಟ್ಟು ತಿರುವನಂತಪುರಕ್ಕೆ ಬಂದೆ. ಇಲ್ಲಿ ಸಮುದ್ರದ ಗಾಳಿ ಬಹಳ ಶುದ್ಧವಾಗಿದೆ.

ಹೀಗಾಗಿ ನನ್ನ ಸ್ಕೂಟರು ಅಗತ್ಯಕ್ಕಿಂತ ಹೆಚ್ಚು ಸಲ ಪೆಟ್ರೋಲ್ ಬಂಕಿಗೆ ಹೋಗುತ್ತಿತ್ತು. ಹೆಲ್ಮೆಟ್ ತೆಗೆದು, ಪಂಪಿನ ಹತ್ತಿರ ಒಂದು ನಿಮಿಷ ಹೆಚ್ಚು ನಿಂತು ಬರುತ್ತಿದ್ದೆ. ಇದು ಫೆರೋಮೋನ್ ಅಲ್ಲ, ಬರೀ ನೆನಪು. ತರಗತಿಯಲ್ಲಿ ಯಾರಾದರೂ ಎರಡನ್ನೂ ಕಲಸಿ ಬರೆದಿದ್ದರೆ ಅರ್ಧ ಅಂಕ ಕಡಿಮೆ ಮಾಡುತ್ತಿದ್ದೆ.

ಒಂದು ದಿನ ಪೆಟ್ರೋಲ್ ಹಾಕುವ ಹೆಂಗಸು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಪೈಪನ್ನು ವಾಪಸು ಇಟ್ಟರು.

"ಚೇಚಿ, ಮೊನ್ನೆ ಹಾಕಿದ್ದೇ ಹಾಗೇ ಇದೆ."

"ಇರಲಿ, ಸ್ವಲ್ಪ ಹಿಡಿಯುತ್ತದೇನೋ ನೋಡಿ."

ಅವರು ಹತ್ತಿರ ಬಂದು ಅಕ್ಕರೆಯಿಂದ ನನ್ನ ಮೊಣಕೈ ಮುಟ್ಟಿದರು. "ಇಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಚೇಚಿ ಬೇಜಾರು ಮಾಡಿಕೊಳ್ಳಬಾರದು. ಆ ಗಾಳಿ ತುಂಬುವ ಅಣ್ಣನಿಗೆ ಮದುವೆಯಾಗಿದೆ."

ಅಂದಿನಿಂದ ಬೇರೆ ಬಂಕಿಗೆ ಹೋಗುತ್ತಿದ್ದೇನೆ. ಅಲ್ಲಿ ಗಾಳಿ ತುಂಬುವ ಯಂತ್ರ ಕೆಟ್ಟಿದೆ. ಅಪವಾದದ ಭಯವಿಲ್ಲ.

೪. ರೈಲಿನಲ್ಲಿ ಸೀಟು ಸಿಕ್ಕಿದ್ದು

ಹೆಣ್ಣು ನೋಡಲು ಹೋಗುವಾಗ ಜೊತೆಗೆ ಹಿರಿಯರೊಬ್ಬರು ಇರಬೇಕಲ್ಲ. ಮೇಷ್ಟ್ರ ಮನೆಯವರು ಕಾಸರಗೋಡಿನಿಂದ ಬರುವುದು ಆಗಲಿಲ್ಲ. "ಅಕ್ಕ, ನೀವೇ ಬರಬೇಕು" ಎಂದರು. ಕೊಚ್ಚಿಗೆ ಹೋಗಿ ಎರಡು ವರ್ಷವಾಗಿತ್ತು. ಯೋಚಿಸಿ, ಆಗಲಿ ಎಂದೆ. ಒಂದು ಷರತ್ತು ಹಾಕಿದೆ: ಆ ಸೀಸೆ ಬೇಡ. ಅವರು ಒಪ್ಪಿದರು. ಭಾನುವಾರ ಬೆಳಿಗ್ಗೆ ಸ್ಟೇಷನ್ನಿಗೆ ಅವರಿಗಿಂತ ಮೊದಲು ಅವರ ಪರಿಮಳ ಬಂತು.

ಕಾಯ್ದಿರಿಸದ ಬೋಗಿ ತುಂಬಿ ತುಳುಕುತ್ತಿತ್ತು. ಬಾಗಿಲ ಬಳಿ ಹೇಗೋ ನಿಂತೆವು. ಕೊಲ್ಲಂ ಬರುವಷ್ಟರಲ್ಲಿ ಹತ್ತಿರದ ಬೆಂಚಿನಿಂದ ಒಬ್ಬರು ಎದ್ದರು. ಆಮೇಲೆ ಇನ್ನಿಬ್ಬರು. ಕಾಯಂಕುಳಂ ದಾಟಿದಾಗ ಜನ ದಾರಿಯಲ್ಲಿ ಒತ್ತಿಕೊಂಡು ನಿಂತಿದ್ದರು. ಬೆಂಚಿನ ಮೇಲೆ ನಾವಿಬ್ಬರು ಕಾಲು ಚಾಚಿ ಕುಳಿತಿದ್ದೆವು. ಎದುರಿಗೆ ಉಳಿದದ್ದು ಒಬ್ಬ ಮುದುಕಿ ಮಾತ್ರ.

"ನಿಮಗೆ ತೊಂದರೆಯಾಗುತ್ತಿಲ್ಲವೇ ಅಮ್ಮಚ್ಚಿ?" ಎಂದು ಕೇಳಿದೆ.

"ತಿಂಗಳಿಂದ ನೆಗಡಿ. ಮೂಗು ಕಟ್ಟಿದೆ ಮಗಳೇ. ಏನಾಯಿತು, ಯಾಕೆ ಎಲ್ಲರೂ ಎದ್ದು ಹೋದರು?"

ಹೇಳಿದೆ. ಮುದುಕಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, "ಬೇಗ ಮದುವೆಯಾಗು ಮಗನೇ. ಮನೆ ಬಿಡುವ ಮೊದಲು ಮೂಸಿ ನೋಡಿ, ಬೇರೆ ಅಂಗಿ ಹಾಕಿಕೋ ಅನ್ನಲು ಒಬ್ಬರು ಬೇಕು. ಮದುವೆ ಅಂದರೆ ಮುಖ್ಯವಾಗಿ ಅದೇ" ಎಂದಳು.

ನಾನು ಕಿಟಕಿಯ ಕಡೆ ತಿರುಗಿದೆ. ಇಷ್ಟು ನಿಖರವಾದ ವ್ಯಾಖ್ಯೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮತ್ತೆ ಇತ್ತ ತಿರುಗಿದಾಗ ಮೇಷ್ಟ್ರು ಜೇಬಿನಿಂದ ಸೀಸೆ ತೆಗೆದು ಹುರುಪಿನಿಂದ ಇನ್ನೆರಡು ಸಲ ಹೊಡೆದುಕೊಳ್ಳುತ್ತಿದ್ದರು. ಮುದುಕಿ ಸೀನಿದಳು. ಮೂಗು ಬಿಟ್ಟುಕೊಂಡಿತು. ಒಮ್ಮೆ ಉಸಿರೆಳೆದು, ಚೀಲ ಎತ್ತಿಕೊಂಡು ಅವಳೂ ಹೋದಳು.

೫. ಐದು ನಿಮಿಷ

ಎರ್ನಾಕುಳಂ ಸ್ಟೇಷನ್ನಿಗೆ ಹುಡುಗಿಯ ತಂದೆ ಕಾರು ತಂದಿದ್ದರು. ನಮಸ್ಕಾರ ಆಯಿತು. ನಾವು ಹತ್ತಿ ಕುಳಿತೆವು. ಅವರು ನಾಲ್ಕೂ ಕಿಟಕಿ ಇಳಿಸಿದರು.

ದಾರಿಯಲ್ಲಿ ಮೆಲ್ಲಗೆ ವಿಷಯ ತೆಗೆದರು. "ನಮ್ಮ ಮಗಳು ಒಂದ್ ಶರತ್ ಹಾಕ್ಯಾಳ್ರಿ. ಮನ್ಯಾಗ ಉಪ್ಪಿಟ್ಟು ತಿನ್ನೂಮುಂದ ಎಲ್ಲಾರೂ ಶಾಣ್ಯಾರ ಕಾಣ್ತಾರ. ತಾ ಕೆಲಸ ಮಾಡೋ ಜಾಗಾದಾಗ ಐದು ನಿಮಿಷ ನಿಂತವ್ರ ಜೋಡಿ ಅಷ್ಟ ಮಾತು ಅಂತಾಳ."

"ಅದಕ್ಕೆಂತ, ನಿಲ್ಲುವ" ಎಂದರು ಮೇಷ್ಟ್ರು. "ನಮ್ಮ ಮನೆಯಲ್ಲೂ ಹಸು ಉಂಟು."

"ಹಸು ಅಲ್ರಿ. ಹಂದಿ."

ಮೇಷ್ಟ್ರು ಜೇಬಿನಲ್ಲಿದ್ದ ಸೀಸೆಯನ್ನು ಮುಟ್ಟಿ ನೋಡಿಕೊಂಡರು.

"ಮೊದಲ ಮೂರು ಮಂದಿ ಬಂದಿದ್ರು" ಎಂದರು ತಂದೆ. "ಒಬ್ಬಾತ ಗೇಟಿನಾಗ ವಾಂತಿ ಮಾಡ್ಕೊಂಡ. ಇನ್ನೊಬ್ಬಾತ ಕರವಸ್ತ್ರ ಮೂಗಿಗೆ ಹಿಡ್ಕೊಂಡ ಓಡಿದ. ಮೂರನೇದಾತ ಕಾರಿಂದ ಇಳೀಲೇ ಇಲ್ಲ."

ಮೇಷ್ಟ್ರು ಬಾಯಲ್ಲಿ ಏನೋ ಎಣಿಸುತ್ತಿದ್ದರು. ಐದು ನಿಮಿಷಕ್ಕೆ ಎಷ್ಟು ಸೆಕೆಂಡು ಎಂದು ಅವರಿಗೆ ಗೊತ್ತಿಲ್ಲದೆ ಏನಲ್ಲ, ಧೈರ್ಯಕ್ಕೆ.

ಫಾರಂ ಊರ ಹೊರಗೆ, ರಬ್ಬರ್ ತೋಟದ ಪಕ್ಕದಲ್ಲಿತ್ತು. ಗೇಟಿನಲ್ಲಿ ನಮಗೆ ಗಂಬೂಟು ಕೊಟ್ಟು, ಔಷಧಿಯ ನೀರಿನಲ್ಲಿ ಕಾಲದ್ದಿಸಿ ಒಳಗೆ ಬಿಟ್ಟರು. ಎರಡು ಸಾಲು ಗೂಡುಗಳ ನಡುವೆ ಕಿರಿದಾದ ಸಿಮೆಂಟಿನ ದಾರಿ. ಅದರ ಆ ತುದಿಯಲ್ಲಿ ಹುಡುಗಿ ನಿಂತಿದ್ದರು. ನೀಲಿ ಕೋಟು, ಕೈಯಲ್ಲಿ ಸಿರಿಂಜು. ಹೆಣ್ಣು ಹಂದಿಗಳನ್ನು ಲಸಿಕೆ ಹಾಕಲು ಇನ್ನೊಂದು ಗೂಡಿಗೆ ಸಾಗಿಸುತ್ತಿದ್ದರು.

"ಅಲ್ಲೇ ನಿಂದರ್ರಿ ಸರ, ಅವು ದಾಟಿ ಹೋಗ್ತಾವ" ಎಂದು ಕೂಗಿದರು.

ಅವು ದಾಟಿ ಹೋಗಲಿಲ್ಲ. ಮುಂದೆ ಬರುತ್ತಿದ್ದ ದೊಡ್ಡ ಹೆಣ್ಣು ಹಂದಿ ಮೇಷ್ಟ್ರ ಎದುರು ಬಂದು ಗಕ್ಕನೆ ನಿಂತಿತು. ಮೂತಿ ಎತ್ತಿ ದೀರ್ಘವಾಗಿ ಮೂಸಿತು. ಕಿವಿಗಳು ನೆಟ್ಟಗಾದವು, ಬೆನ್ನು ಬಿಗಿಯಿತು. ಆಮೇಲೆ ಕಲ್ಲಿನ ಬಸವನ ಹಾಗೆ ನಿಂತುಬಿಟ್ಟಿತು. ಅದರ ಹಿಂದೆ ಉಳಿದವು ಒಂದಕ್ಕೊಂದು ಡಿಕ್ಕಿ ಹೊಡೆದು ಕಿರುಚತೊಡಗಿದವು. ಇಬ್ಬರು ಕೆಲಸಗಾರರು ಹಿಂದಿನಿಂದ ತಳ್ಳಿದರು. ಅದು ಅಲುಗಲಿಲ್ಲ. ಮೇಷ್ಟ್ರೂ ಅಲುಗಲಿಲ್ಲ.

"ಅಕ್ಕ, ಇದು ಹಾಯ್ಲಿಕ್ಕೆ ನಿಂತದ್ದಾ?" ಎಂದು ತುಟಿ ಅಲುಗಿಸದೆ ಕೇಳಿದರು.

"ಗೊತ್ತಿಲ್ಲ. ಕಣ್ಣಿನಲ್ಲಿ ಸಿಟ್ಟು ಕಾಣುತ್ತಿಲ್ಲ."

ಡಾಕ್ಟರು ಗೂಡಿನ ಕಟ್ಟೆ ಹತ್ತಿ ಈಚೆ ಬಂದರು. ಹಂದಿಯನ್ನು ನೋಡಿದರು. ಗಾಳಿಯನ್ನು ಮೂಸಿದರು. ಆಮೇಲೆ ಮೇಷ್ಟ್ರ ಕುತ್ತಿಗೆಯನ್ನು ನೋಡಿದರು.

"ಏನ್ ಹಚ್ಕೊಂಡ ಬಂದೀರಿ ಸರ?"

ಮೇಷ್ಟ್ರು ಜೇಬಿನಿಂದ ಸೀಸೆ ತೆಗೆದುಕೊಟ್ಟರು. ಡಾಕ್ಟರು ಅದನ್ನು ತಿರುಗಿಸಿ, ತಳದಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಓದಿದರು. ಎಷ್ಟೋ ಜಾಗ್ರತೆಯಿಂದ ಎಲ್ಲವನ್ನೂ ಓದುವ ನಾನು ಮೇಲಿನ ದೊಡ್ಡ ಅಕ್ಷರಗಳನ್ನು ಓದಿ ತಿರಸ್ಕರಿಸಿ, ತಳ ನೋಡುವುದನ್ನು ಬಿಟ್ಟಿದ್ದೆ.

"ಮನುಷ್ಯಾರದು ಅಂತ ಮ್ಯಾಲ ಬರದಾರ. ಒಳಗಿರೋದು ಗಂಡುಹಂದಿ ಜೊಲ್ಲಿನ ವಾಸನಿ. ನಮ್ಮ ಕಪಾಟಿನಾಗೂ ಇಂಥಾದ್ದ ಒಂದು ಡಬ್ಬಿ ಐತ್ರಿ. ಹೆಣ್ಣು ಬೆದಿಗೆ ಬಂದಾವೋ ಇಲ್ಲೋ ನೋಡಾಕ ಅವುಗಳ ಮೂಗಿನ ಮುಂದ ಹೊಡೀತೀವಿ. ಬೆದಿಗೆ ಬಂದಿದ್ರ ಹಿಂಗ ಕಲ್ಲಾಗಿ ನಿಂತ ಬಿಡ್ತಾವ" ಎಂದರು. ಜೇಬಿನಿಂದ ಪೆನ್ನು ತೆಗೆದು, ಆ ಹಂದಿಯ ಕಾರ್ಡಿನಲ್ಲಿ ಏನೋ ಗುರುತು ಹಾಕಿಕೊಂಡರು. "ಚಲೋ ಆತು. ನಾಳೆ ನೋಡೋದಿತ್ತು."

ಮೇಷ್ಟ್ರ ಮುಖ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಇದೂ ಹೋಯಿತು ಎಂದು ನಾನು ಅಂದುಕೊಂಡೆ. ಅವರೂ ಅಂದುಕೊಂಡಿರಬೇಕು, ಯಾಕೆಂದರೆ ಇನ್ನು ಕಳೆದುಕೊಳ್ಳುವುದು ಏನೂ ಇಲ್ಲದವರ ಹಾಗೆ ನೇರವಾಗಿ ಹೇಳಿಬಿಟ್ಟರು.

"ಡಾಕ್ಟ್ರೇ, ಅದು ಇವಳಿಗೋಸ್ಕರ ಹಾಕಿದ್ದಲ್ಲ. ನಿಮಗೋಸ್ಕರ ಹಾಕಿದ್ದು."

ಡಾಕ್ಟರು ಮೇವಿನ ಚೀಲದ ಮೇಲೆ ಕುಳಿತು ನಗತೊಡಗಿದರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾನೂ ನಕ್ಕೆ. ಎರಡು ವರ್ಷಗಳಲ್ಲಿ ಹೊಟ್ಟೆ ಹಿಡಿದುಕೊಳ್ಳುವಷ್ಟು ನಕ್ಕದ್ದು ಅದೇ ಮೊದಲು.

ಕೊನೆಗೆ ಅವರು ಗಡಿಯಾರ ನೋಡಿಕೊಂಡರು. "ಐದು ನಿಮಿಷ ಅಂದಿದ್ದೆ. ಇಪ್ಪತ್ತಾತು. ಹೋಗ್ಲಿಲ್ಲಲ್ರಿ ನೀವು?"

"ಹೋಗ್ಲಿಕ್ಕೆ ಇವಳು ದಾರಿ ಬಿಡ್ಬೇಕಲ್ಲ" ಎಂದರು ಮೇಷ್ಟ್ರು.

ಗೇಟಿನ ಹತ್ತಿರ ನಿಂತಿದ್ದ ತಂದೆಗೆ ತಡೆಯಲಾಗಲಿಲ್ಲ. "ಏನವಾ, ಏನಂತಿ?" ಎಂದು ಅಲ್ಲಿಂದಲೇ ಕೂಗಿದರು.

"ಅಪ್ಪಾ, ಮೊದಲ ಬಂದವ್ರೆಲ್ಲಾ ಈ ವಾಸನಿಗೆ ಮೂಗು ಮುಚ್ಕೊಂಡ ಓಡಿದ್ರು. ಇವ್ರು ಮೈಗೆ ಹಚ್ಕೊಂಡ ಬಂದಾರ. ನನಗ ಒಪ್ಪಿಗಿ ಐತಿ."

ಮೇಷ್ಟ್ರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಡಾಕ್ಟರು ಎದ್ದು, ಇನ್ನೂ ಅಲುಗದೆ ಅವರನ್ನೇ ನೋಡುತ್ತ ನಿಂತಿದ್ದ ಹಂದಿಯ ಬೆನ್ನು ತಟ್ಟಿದರು.

"ಆದ್ರ ಇಕೀನ ಒಂದ್ ಮಾತ ಕೇಳ್ರಿ ಅಪ್ಪಾ. ನನಕಿಂತ ಮೊದಲ ಒಪ್ಪಿದಾಕಿ ಇಕಿ."